ಕಾಡುಮಾವಿನ ಸಾಸಿವೆ

ಮೇ ತಿಂಗಳಲ್ಲಿ ನಮ್ಮ ತೋಟಗಳಲ್ಲಿ ಕಾಡುಮಾವು ಉದುರಿ ಕೊಳೆಯುತ್ತದೆ. ಹಣ್ಣನ್ನು ಕೇಳುವವರಿಲ್ಲ, ಮರವನ್ನು ನಾಟಾಕ್ಕೆ ಕೇಳುವವರಿದ್ದಾರೆ. ಕಾಡುಮಾವು ಗೊರಟಿನಿಂದ ಹುಟ್ಟಿದ್ದು. ಒಂದು ಮರದ ರುಚಿ ಇನ್ನೊಂದಕ್ಕಿಲ್ಲ. ಕಸಿ ಕಟ್ಟಿಕೊಳ್ಳದೆ ಕಡಿದರೆ ಆ ರುಚಿ ಹೋದಂತೆಯೇ. ಆದ್ದರಿಂದ ಸದಸ್ಯರು ವ್ಯಾಪಾರ ಕುದುರಿಸುವ ಮುನ್ನ ಒಮ್ಮೆ ಹಣ್ಣಿನ ಸಾಸಿವೆ ಮಾಡಿಸಿ ಉಣ್ಣಬೇಕೆಂದು ನಮ್ಮ ಕೋರಿಕೆ.

ಹತ್ತು ಹನ್ನೆರಡು ಹಣ್ಣು ಸುಲಿದು, ಗೊರಟು ಸಮೇತ ಕಿವುಚಿ, ಉಪ್ಪು ಬೆಲ್ಲ ಬೆರೆಸಿಡಿ. ಸಿಪ್ಪೆಗೆ ಅಂಟಿದ ರಸವನ್ನೂ ತುಸು ನೀರಿನಲ್ಲಿ ಹಿಂಡಿಕೊಳ್ಳಿ. ಅರ್ಧ ತೆಂಗಿನಕಾಯಿಯ ತುರಿ, ಹುರಿದ ಎರಡು ಒಣಮೆಣಸು ನುಣ್ಣಗಾದ ಮೇಲೆ ಒಂದು ಚಮಚ ಹಸಿ ಸಾಸಿವೆ ಹಾಕಿ ಅರೆದು ಬೆರೆಸಿ. ಕುದಿಸಬಾರದು. ಸಾಸಿವೆಯ ಘಾಟು ತಣ್ಣೀರಿನಲ್ಲಿ ಅರೆದಾಗ ಹುಟ್ಟುತ್ತದೆ, ಬೆಂಕಿಗೆ ಹಾರಿಹೋಗುತ್ತದೆ. ಗೊರಟು ಚೀಪಲು ನಾಚುವವರಿಗೆ ಇದರ ಅರ್ಧ ರುಚಿ ತಿಳಿಯದು.

ಮಾವು ಮುಗಿದರೆ ಅನಾನಸಿನಲ್ಲೂ ಆಗುತ್ತದೆ. ಅದಕ್ಕೆ ಮೊಸರು ಸೇರಿಸುವವರು ಬಡಿಸುವಾಗಲೇ ಸೇರಿಸಲಿ. ಹಸಿ ಅನಾನಸಿನ ರಸ ಮೊಸರಿನ ಸಸಾರಜನಕವನ್ನು ಒಡೆದು ಕಹಿ ಮಾಡುತ್ತದೆ. ಎರಡೂ ರಾತ್ರಿಯವರೆಗೆ ಉಳಿಯುವ ಪದಾರ್ಥವಲ್ಲ, ಮಧ್ಯಾಹ್ನದ ಊಟಕ್ಕಾಗುವಷ್ಟೇ ಮಾಡಿ.