ತುಕ್ಕು ತಿಂದ ಟಾಪಿಗೆ ತಗಡಿನ ತೇಪೆ

ಹಾಸನದಿಂದ ಅರಸೀಕೆರೆ ರಸ್ತೆಯಲ್ಲಿ ಸುಮಾರು ಹತ್ತು ಕಿಲೋಮೀಟರ್ ಹೋದರೆ ಕೊರವಂಗಲ. ಇಮ್ಮಡಿ ವೀರಬಲ್ಲಾಳನ ಪಟ್ಟಾಭಿಷೇಕದ ನೆನಪಿಗೆಂದು 1173ರಲ್ಲಿ ಬೂಚಿರಾಜ ಕಟ್ಟಿಸಿದ ಬೂಚೇಶ್ವರ ದೇವಾಲಯ ನೋಡಲು ಹೊರಗಿನವರು ಈ ದಾರಿ ಹಿಡಿದು ಬರುತ್ತಾರೆ. ಸುತ್ತಲ ಹಳ್ಳಿಯವರು ಇದೇ ದಾರಿಯಲ್ಲಿ ಹಾಸನಕ್ಕೆ ಹೋಗುವುದು ಆಸ್ಪತ್ರೆಗೆ, ಮಕ್ಕಳ ಕಾಲೇಜಿಗೆ, ಮಾರುಕಟ್ಟೆಗೆ. ಆಗಾಗ ಗ್ಯಾರೇಜಿಗೂ. ಗ್ಯಾರೇಜೆಂದರೆ ಎಂಜಿನ್ ಬಿಚ್ಚುವ ಮೆಕ್ಯಾನಿಕ್ ಎಲ್ಲರಿಗೂ ಗೊತ್ತು. ಪಕ್ಕದ ಶೆಡ್ಡಿನಲ್ಲಿ ಸುತ್ತಿಗೆ ಹಿಡಿದು ತಗಡು ತಟ್ಟುವ ಟಿಂಕರ್ ಮಾತ್ರ ಗುದ್ದಿಸಿಕೊಂಡವರಿಗಷ್ಟೇ ನೆನಪಾಗುತ್ತಾನೆ. ಗುದ್ದಿಸಿಕೊಳ್ಳದೆಯೂ ಅವನ ಬಳಿಗೆ ಹೋಗಬೇಕಾದವರು ಇದ್ದಾರೆ. ಹಳೆಯ ಕಾರಿನ ಟಾಪಿನಿಂದ ತಲೆಯ ಮೇಲೆ ನೀರು ತೊಟ್ಟಿಕ್ಕುತ್ತಿರುವವರು ಅವರು.

ಮಾರುತಿ 800 ಬೀದಿಗೆ ಬಂದದ್ದು 1983ರ ಡಿಸೆಂಬರಿನಲ್ಲಿ, ತಯಾರಿಕೆ ನಿಂತದ್ದು 2014ರಲ್ಲಿ. ಅಂಬಾಸಿಡರ್ ನಿಂತದ್ದೂ ಅದೇ ವರ್ಷ. ಕಂಪನಿ ನಿಲ್ಲಿಸಿತೆಂದು ಹಳ್ಳಿಯಲ್ಲಿ ಯಾರೂ ಗಾಡಿ ಬಿಡುವುದಿಲ್ಲ. ಮೂರನೆಯ, ನಾಲ್ಕನೆಯ ಕೈಗೆ ಬಂದ 800 ಮತ್ತು ಓಮ್ನಿಗಳು ಈ ಸೀಮೆಯಲ್ಲಿ ಈಗಲೂ ಶುಂಠಿ ಬಿತ್ತನೆ, ಆಲೂಗೆಡ್ಡೆ ಮೂಟೆ, ಮದುವೆ ಮನೆಯ ಪಾತ್ರೆ ಎಲ್ಲವನ್ನೂ ಹೊರುತ್ತವೆ. ರಾತ್ರಿ ಕೊಟ್ಟಿಗೆಯಲ್ಲಿ ಜಾಗ ಹಸುವಿಗೆ. ಕಾರಿಗೆ ಮರದ ಕೆಳಗಿನ ಬಯಲೇ ಗತಿ.

ಟಾಪಿಗೆ ಮೊದಲು ಬಡಿಯುವುದು ಬಿಸಿಲು. ವರ್ಷಗಟ್ಟಲೆ ಬಿಸಿಲುಂಡ ಬಣ್ಣ ಸೀಳಿ ಸಿಪ್ಪೆಯೇಳುತ್ತದೆ. ಆ ಸೀಳಿನಲ್ಲಿ ಇಬ್ಬನಿ ಇಳಿಯುತ್ತದೆ. ಆದರೆ ತುಕ್ಕು ನಿಜವಾಗಿ ಬೇರು ಬಿಡುವ ಜಾಗಗಳು ಬೇರೆ. ಅಂಚಿನುದ್ದಕ್ಕೂ ಇರುವ ಗಟರಿನಲ್ಲಿ ಎಲೆ, ಧೂಳು ಸೇರಿ ಕೆಸರಾಗಿ ಕೂತಿರುತ್ತದೆ. ಮಳೆ ನಿಂತು ನಾಲ್ಕು ದಿನವಾದರೂ ಅದರ ತಳ ಆರಿರುವುದಿಲ್ಲ. ಮುಂದಿನ ಗಾಜಿನ ಮೇಲಂಚಿನ ರಬ್ಬರ್ ಬೀಡಿಂಗ್ ಬಿಸಿಲಿಗೆ ಗಟ್ಟಿಯಾಗಿ ಬಿರುಕುಬಿಟ್ಟು, ಒಳಕ್ಕೆ ನೀರು ಕುಡಿಯುತ್ತದೆ. ಕ್ಯಾರಿಯರಿನ ಕಾಲು ಒತ್ತಿದಲ್ಲಿ ಬಣ್ಣ ಸವೆದಿರುತ್ತದೆ. ಆಂಟೆನಾ ಕಿತ್ತ ತೂತು ಇನ್ನೊಂದು. ಕಾಳಜಿಯಿಂದ ಹೊದಿಸಿದ ಟಾರ್ಪಾಲೇ ಒಮ್ಮೊಮ್ಮೆ ಶತ್ರು, ಏಕೆಂದರೆ ಅದರಡಿ ಸಿಕ್ಕಿದ ತೇವ ಆರುವುದಿಲ್ಲ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹಲವು ಪಟ್ಟು ಜಾಗ ಬೇಡುತ್ತದೆ, ಆದ್ದರಿಂದಲೇ ಬಣ್ಣ ಹಪ್ಪಳದಂತೆ ಉಬ್ಬುವುದು. ಮೇಲೆ ರೂಪಾಯಿ ನಾಣ್ಯದಷ್ಟು ಗುಳ್ಳೆ ಕಂಡರೆ ಕೆಳಗೆ ಅಂಗೈಯಗಲ ಹೋಗಿರಬಹುದೆಂದು ಲೆಕ್ಕ ಹಾಕುವುದು ಕ್ಷೇಮ.

ಅನುಭವಸ್ಥ ಟಿಂಕರ್ ಗಾಡಿ ಬಂದೊಡನೆ ರೇಟು ಹೇಳುವುದಿಲ್ಲ. ಬೆರಳ ಗೆಣ್ಣಿನಿಂದ ಟಾಪಿನುದ್ದಕ್ಕೂ ತಟ್ಟುತ್ತಾನೆ. ಗಟ್ಟಿ ತಗಡು ಟಣ್ ಎನ್ನುತ್ತದೆ, ತಿಂದುಹೋದದ್ದು ದಪ್ ಎನ್ನುತ್ತದೆ. ಆಮೇಲೆ ಹಳೆಯ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಎಳೆಯುತ್ತಾನೆ. ಅದು ಕಚ್ಚದೆ ಜಾರಿದ ಕಡೆ ಹಿಂದೆ ಯಾರೋ ದಪ್ಪಗೆ ಪುಟ್ಟಿ ಮೆತ್ತಿದ್ದಾರೆ ಎಂದರ್ಥ. ಸಂಶಯವಿದ್ದಲ್ಲಿ ಸ್ಕ್ರೂಡ್ರೈವರ್ ಮೊನೆ ಒತ್ತುತ್ತಾನೆ. ತೂತಾದರೆ ಮಾಲೀಕರ ಮುಖ ಸಪ್ಪಗಾಗುತ್ತದೆ, ಆದರೆ ತೂತು ಮಾಡಿದ್ದು ಸ್ಕ್ರೂಡ್ರೈವರ್ ಅಲ್ಲ. ಒಳಗಿನ ಲೈನಿಂಗ್ ಬಿಚ್ಚಿದ ಮೇಲೆಯೇ ಪೂರ್ತಿ ಲೆಕ್ಕ ಸಿಗುವುದು. ಲೈನಿಂಗ್ ಬಿಚ್ಚದೆ ವೆಲ್ಡಿಂಗಿಗೆ ಕೈ ಹಾಕುವವರ ಬಳಿ ಗಾಡಿ ಬಿಡಬಾರದು. ಅದರ ಬಟ್ಟೆ, ಸ್ಪಂಜಿಗೆ ಒಂದು ಕಿಡಿ ಸಾಕು. ಬ್ಯಾಟರಿ ವೈರನ್ನೂ ಮೊದಲೇ ಕಳಚಬೇಕು.

ತಗಡು ಗಟ್ಟಿಯಿದ್ದು ಮೇಲ್ಮೈಯಷ್ಟೇ ತುಕ್ಕಾಗಿದ್ದರೆ ಕೆಲಸ ಸಲೀಸು, ಬೆವರು ಮಾತ್ರ ಹೆಚ್ಚು. 80ನೇ ನಂಬರಿನ ಎಮರಿ ಕಾಗದ ಇಲ್ಲವೇ ಗ್ರೈಂಡರಿಗೆ ಹಾಕಿದ ವೈರ್ ಬ್ರಷ್‌ನಿಂದ ಬೆಳ್ಳಗಿನ ಲೋಹ ಕಾಣುವತನಕ ಕೆರೆಯಬೇಕು. ಸಣ್ಣ ಗುಂಡಿಗಳಲ್ಲಿ ಉಳಿದ ಕೆಂಪಿಗೆ ಫಾಸ್ಫಾರಿಕ್ ಆಸಿಡ್ ಇರುವ ತುಕ್ಕು ನಿವಾರಕ ಹಚ್ಚಿದರೆ ಅದು ತುಕ್ಕನ್ನು ಕರಗಿಸಿ, ಲೋಹದ ಮೇಲೆ ಫಾಸ್ಫೇಟಿನ ತೆಳು ಪೊರೆ ಬಿಡುತ್ತದೆ. ಒರೆಸಿ ಒಣಗಿಸಿ ಅಂದೇ ಪ್ರೈಮರ್ ಬೀಳಬೇಕು. ಬೆತ್ತಲೆ ತಗಡನ್ನು ನಾಳೆ ನೋಡೋಣವೆಂದು ಇಬ್ಬನಿಗೆ ಬಿಟ್ಟರೆ ಬೆಳಗಾಗುವುದರೊಳಗೆ ಹಳದಿ ತಿರುಗಿರುತ್ತದೆ, ಇಡೀ ದಿನದ ಕೂಲಿ ನೀರುಪಾಲು.

ತೂತು ಬಿದ್ದಿದ್ದರೆ ತೇಪೆಯೇ ಆಗಬೇಕು. ತುಕ್ಕಿನ ಅಂಚು ದಾಟಿ ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ ತೆಗೆಯುತ್ತಾರೆ. ಆ ಅಳತೆಗೆ ಮೊದಲು ರಟ್ಟಿನಲ್ಲಿ ನಕಲು ಕತ್ತರಿಸುವುದು ರೂಢಿ, ಹಳೆಯ ಲಗ್ನಪತ್ರಿಕೆಯಾದರೂ ನಡೆಯುತ್ತದೆ. ತಗಡು ಬರುವುದು ಗುಜರಿಯಿಂದ. ಕಳಚಿದ ಕಾರಿನ ಬಾನೆಟ್ಟೋ ಬಾಗಿಲೋ ಸಿಕ್ಕರೆ ಹೆಚ್ಚುಕಡಿಮೆ ಅದೇ ದಪ್ಪ, ಹೊಸದಕ್ಕಿಂತ ಅಗ್ಗ. ಹೊಸದೇ ಆದರೆ ಸಿಆರ್ ಶೀಟ್, 20 ಅಥವಾ 22 ಗೇಜು. ತುಕ್ಕು ಹಿಡಿಯುವುದಿಲ್ಲವೆಂದು ಮನೆಯ ಛಾವಣಿಯ ಜಿಐ ತಗಡಿನ ತುಂಡು ತಂದುಕೊಡುವ ಗಿರಾಕಿಗಳಿರುತ್ತಾರೆ. ಅದರ ಸತುವಿನ ಲೇಪ ವೆಲ್ಡಿಂಗ್ ಶಾಖಕ್ಕೆ ಉರಿದು ಬಿಳಿ ಹೊಗೆಯಾಗುತ್ತದೆ. ಆ ಹೊಗೆ ಕುಡಿದವನಿಗೆ ರಾತ್ರಿ ಚಳಿಜ್ವರ. ಉಳಿಸಿದ ನಾಲ್ಕು ಕಾಸಿಗೆ ಬೆಸೆಯುವವನ ಆರೋಗ್ಯ ಒತ್ತೆಯಿಡುವುದು ನ್ಯಾಯವಲ್ಲ.

ಕೈಚಳಕ ಕಾಣುವುದು ಬೆಸುಗೆಯಲ್ಲಿ. ಟಾಪಿನ ತಗಡು ಒಂದು ಮಿಲಿಮೀಟರಿಗಿಂತ ತೆಳು, ಅಗಲವೋ ಬಹಳ. ಗ್ಯಾಸ್ ಜ್ವಾಲೆಯನ್ನು ಒಂದೇ ಕಡೆ ಹಿಡಿದರೆ ಅದು ಹಿಗ್ಗಿ, ಆರಿದಾಗ ಸೊಟ್ಟಗಾಗುತ್ತದೆ; ಒಮ್ಮೆ ಅಲೆಯೆದ್ದ ಟಾಪನ್ನು ಸಮ ಮಾಡುವುದು ತೇಪೆಗಿಂತ ದೊಡ್ಡ ಕೆಲಸ. ಅದಕ್ಕೇ ಬಲ್ಲವರು ಗೆರೆ ಎಳೆದ ಹಾಗೆ ಬೆಸೆಯುವುದಿಲ್ಲ. ಇಲ್ಲೊಂದು ಚುಕ್ಕಿ, ಅದರೆದುರಿಗೆ ಅಲ್ಲೊಂದು ಚುಕ್ಕಿ, ನಡುವೆ ಒದ್ದೆ ಬಟ್ಟೆಯಿಂದ ತಣಿಸುವುದು, ಮತ್ತೆ ಬಿಟ್ಟ ಜಾಗಕ್ಕೆ ಮರಳುವುದು. ಸಿಒಟು ವೆಲ್ಡಿಂಗ್ ಇರುವ ಗ್ಯಾರೇಜಿನಲ್ಲಿ ಶಾಖ ಕಡಿಮೆ, ಅಪಾಯವೂ ಕಡಿಮೆ. ಬೆಸುಗೆಯ ಉಬ್ಬನ್ನು ಉಜ್ಜಿ, ಕೆಳಗೆ ಡಾಲಿ ಎಂಬ ಕಬ್ಬಿಣದ ಗಟ್ಟಿ ಹಿಡಿದು ಮೇಲಿಂದ ಸಣ್ಣ ಸುತ್ತಿಗೆಯಲ್ಲಿ ತಟ್ಟುತ್ತಾರೆ. ಕಣ್ಣಿಗಿಂತ ಅಂಗೈ ಇಲ್ಲಿ ಚುರುಕು: ಸವರಿದಾಗ ತಿಳಿಯುವ ತಗ್ಗು ನೋಡಿದರೆ ಕಾಣದು.

ಪುಟ್ಟಿ ಇದೆಲ್ಲ ಮುಗಿದ ಮೇಲಿನ ಮಾತು. ಅದಕ್ಕೆ ತೇವ ಹೀರುವ ಗುಣವಿದೆ. ತುಕ್ಕಿನ ಮೇಲೆ ಹಾಕಿದರೆ ಹೊರಗೆ ನುಣುಪು, ಒಳಗೆ ಕೊಳೆತ. ಒಂದು ಮಳೆಗಾಲ ದಾಟುವುದೂ ಅನುಮಾನ. ಇನ್ನೂ ಅಗ್ಗದ ಉಪಾಯಗಳಿವೆ. ಬಚ್ಚಲಿಗೆ ಬಳಸುವ ಸಿಲಿಕೋನನ್ನು ಗಟರಿಗೆ ಹಿಂಡುವುದು ಒಂದು. ಹಚ್ಚಿದಾಗ ವಿನಿಗರಿನ ಹುಳಿ ವಾಸನೆ ಬರುವ ಬಗೆಯ ಸಿಲಿಕೋನ್ ಬಿಡುವ ಆಮ್ಲ ಕಬ್ಬಿಣವನ್ನೇ ತಿನ್ನುತ್ತದೆ. ಗಟರಿಗೆ ಬೇಕಾದದ್ದು ವಾಹನದ ಸೀಮ್ ಸೀಲರ್. ಟಾಪಿಗೆ ಕರಿ ಸ್ಟಿಕ್ಕರ್ ಅಂಟಿಸುವುದು ಇನ್ನೊಂದು. ಹಳೆಯ ಗಾಡಿ ಕೊಳ್ಳುವವರು ಹೊಳೆಯುವ ಕಪ್ಪು ಟಾಪು ಕಂಡರೆ ಒಮ್ಮೆ ಗೆಣ್ಣಿನಿಂದ ತಟ್ಟಿ ನೋಡುವುದು ಒಳ್ಳೆಯದು.

ಹಾಗಾದರೆ ದುಡ್ಡು ಉಳಿಯುವುದೆಲ್ಲಿ? ಬಣ್ಣದಲ್ಲಿ. ಇಡೀ ಕಾರಿಗೆ ಬಣ್ಣ ಹೊಡೆಸಬೇಕಿಲ್ಲ. ಹಳೆಯ ಬಣ್ಣಕ್ಕೆ ಹೊಸದು ಕೂಡಿ ಬರುವುದು ಕಷ್ಟವೇ, ಆದರೆ ಗಟರನ್ನೇ ಗಡಿ ಮಾಡಿಕೊಂಡು ಟಾಪಿಗಷ್ಟೇ ಹೊಡೆಸಿದರೆ ಛಾಯೆಯ ವ್ಯತ್ಯಾಸ ಎದ್ದು ಕಾಣುವುದಿಲ್ಲ. ಸೀಟು, ಲೈನಿಂಗ್, ಕ್ಯಾರಿಯರ್‌ಗಳನ್ನು ಮನೆಯಲ್ಲೇ ಬಿಚ್ಚಿಕೊಂಡು ಹೋದರೆ ಅಷ್ಟು ಕೂಲಿ ಉಳಿಯಿತು. ಪ್ರೈಮರ್ ಮೇಲೆ ನೀರು ಹಾಕಿ ವಾಟರ್ ಪೇಪರ್ ಉಜ್ಜುವುದು, ಮೊದಲು 320, ಆಮೇಲೆ 600, ಮನೆಯ ಹುಡುಗರೂ ಕಲಿಯಬಹುದಾದ ಕೆಲಸ. ಗ್ಯಾರೇಜಿಗೆ ಸೇರಿದ ಹೊಸ ಹುಡುಗನಿಗೂ ಉಸ್ತಾದ್ ಮೊದಲು ಕೊಡುವುದು ಸುತ್ತಿಗೆಯನ್ನಲ್ಲ, ಈ ಕಾಗದವನ್ನೇ.

ಅಂಥ ಹುಡುಗರೀಗ ವಿರಳ. ಕಾರಿನ ದೇಹ ರಿಪೇರಿ ಐಟಿಐನಲ್ಲಿ ಒಂದು ಪ್ರತ್ಯೇಕ ಟ್ರೇಡ್, ಆದರೆ ದೊಡ್ಡ ಸರ್ವಿಸ್ ಸೆಂಟರುಗಳಲ್ಲಿ ಗುದ್ದಿದ ಭಾಗವನ್ನು ತಟ್ಟುವುದಕ್ಕಿಂತ ಬದಲಿಸುವುದೇ ಹೆಚ್ಚು, ಏಕೆಂದರೆ ವಿಮೆ ಕಟ್ಟಿಕೊಡುತ್ತದೆ. ತುಕ್ಕಿಗೆ ವಿಮೆಯಿಲ್ಲ, ಅದು ಸವಕಳಿಯ ಖಾತೆಗೆ ಹೋಗುತ್ತದೆ. ಹೀಗಾಗಿ ತುಕ್ಕಿನ ಗಾಡಿಗೆ ರಸ್ತೆಬದಿಯ ಟಿಂಕರೇ ಗತಿ. ಹಳೆಯದನ್ನು ಎಸೆಯದೆ ತಗಡು ಬದಲಿಸಿ ಓಡಿಸುವುದು ಬರೀ ಬಡವರ ಪಾಡೂ ಅಲ್ಲ. ಕೆಎಸ್‌ಆರ್‌ಟಿಸಿ ಈಚಿನ ವರ್ಷಗಳಲ್ಲಿ ಹಳೆಯ ಬಸ್ಸುಗಳನ್ನು ಪುನಶ್ಚೇತನಗೊಳಿಸಿ ಮತ್ತೆ ರಸ್ತೆಗಿಳಿಸುತ್ತಿರುವುದು ತನ್ನ ಪ್ರಾದೇಶಿಕ ಕಾರ್ಯಾಗಾರಗಳಲ್ಲಿ. ಅವುಗಳಲ್ಲೊಂದು ಹಾಸನದಲ್ಲೇ ಇದೆ.

ಎಲ್ಲ ಗಾಡಿಗೂ ಈ ಖರ್ಚು ತಕ್ಕದ್ದಲ್ಲ. ಟಾಪನ್ನು ಹೊತ್ತ ಕಂಬಗಳ ಬುಡ ತಿಂದುಹೋಗಿದ್ದರೆ, ನೆಲದ ತಗಡು ಕಾಲಿಗೆ ಅದುರುತ್ತಿದ್ದರೆ ತೇಪೆಯ ಮಾತು ಬಿಡಬೇಕು. ಪಲ್ಟಿಯಾದಾಗ ಜೀವ ಕಾಯುವುದು ಆ ಕಂಬಗಳೇ. ಆರ್‌ಸಿಯ ಹದಿನೈದು ವರ್ಷ ಮುಗಿಯುವ ಹೊತ್ತಾಗಿದ್ದರೆ ಅದನ್ನೂ ಎಣಿಸಿಕೊಳ್ಳಿ. ಕಾರಿನ ಮರುನೋಂದಣಿ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿದ್ದು 2022ರ ಏಪ್ರಿಲ್‌ನಲ್ಲಿ, ಗಾಡಿ ತಪಾಸಣೆಯಲ್ಲಿ ಪಾಸಾಗುವುದೂ ಬೇಕು.

ಮಾಡಿಸುವುದೇ ಆದರೆ ಫೆಬ್ರವರಿಯಿಂದ ಏಪ್ರಿಲ್ ಒಳಗೆ ಮಾಡಿಸಿ, ಮಳೆಗಾಲದ ತೇವಕ್ಕೆ ಬಣ್ಣ ಬಿಳಚಿಕೊಳ್ಳುತ್ತದೆ. ಗಾಡಿ ಬಿಟ್ಟು ಬರುವಾಗ ಒಂದು ಮಾತು ಹೇಳಿ ಬನ್ನಿ: ಪ್ರೈಮರ್ ಹೊಡೆಯುವ ಮುನ್ನ ಒಮ್ಮೆ ಫೋನ್ ಮಾಡಲಿ. ಫೋನ್ ಬಂದ ದಿನ ಎಷ್ಟೇ ಕೆಲಸವಿದ್ದರೂ ಹೋಗಿ, ಬೆತ್ತಲೆ ತಗಡನ್ನು ಕಣ್ಣಾರೆ ನೋಡಿ ಬನ್ನಿ.