ಹಾರ್ಟ್ಸ್ ಸಂಘದ 1914-15ನೆಯ ಆಟದ ಋತು

1914-15ರಲ್ಲಿ ನಡೆದ ಸ್ಕಾಟ್ಲೆಂಡಿನ ಕಾಲ್ಚೆಂಡಿನ ಲೀಗ್ ಪಂದ್ಯಗಳಲ್ಲಿ ಗ್ಲಾಸ್ಗೋ ನಗರದ ಸೆಲ್ಟಿಕ್ ಸಂಘವು 65 ಅಂಕಗಳಿಂದ ಪ್ರಥಮಸ್ಥಾನವನ್ನೂ, ಎಡಿನ್‌ಬರೋ ನಗರದ ಹಾರ್ಟ್ ಆಫ್ ಮಿಡ್‌ಲೋಥಿಯನ್ ಸಂಘವು 61 ಅಂಕಗಳಿಂದ ದ್ವಿತೀಯಸ್ಥಾನವನ್ನೂ ಪಡೆದುವು. ಅಂಕಪಟ್ಟಿಯಿಂದ ತಿಳಿಯುವುದು ಇಷ್ಟೇ.

ಹಾರ್ಟ್ಸ್ ಎಂದೇ ಪ್ರಸಿದ್ಧವಾದ ಈ ಎರಡನೆಯ ಸಂಘವು, ಮಹಾಯುದ್ಧವು ಆರಂಭವಾದ ಆಗಸ್ಟ್ ತಿಂಗಳಲ್ಲಿಯೇ ಸೆಲ್ಟಿಕ್ ತಂಡವನ್ನು 2-0 ಗೋಲುಗಳಿಂದ ಸೋಲಿಸಿ, ಮೊದಲ 8 ಪಂದ್ಯಗಳನ್ನೂ ಗೆದ್ದಿತು. ಆದರೆ, ಸಮವಯಸ್ಕರು ರಣರಂಗದಲ್ಲಿ ಮಡಿಯುತ್ತಿರುವಾಗ ವೇತನ ಪಡೆದು ಚೆಂಡಾಡುವುದು ಹೇಡಿತನವೆಂಬ ಆಕ್ಷೇಪವು ದಿನೇ ದಿನೇ ಬಲವಾಯಿತು. ನವೆಂಬರ್ 25ರಂದು, ಸರ್ ಜಾರ್ಜ್ ಮೆಕ್ರೇ ಎಂಬವರು ಕಟ್ಟುತ್ತಿದ್ದ ದಳಕ್ಕೆ ಈ ತಂಡದ 11 ಮಂದಿ ಸೇರಿದರು. ಅಭಿಮಾನಿಗಳೂ ಅನ್ಯಸಂಘಗಳ ಆಟಗಾರರೂ ಅವರನ್ನು ಅನುಸರಿಸಿದರು.

ಅಂದಿನಿಂದ ಆಟಗಾರರಿಗೆ ಎರಡು ವೃತ್ತಿಗಳಾದುವು: ಒಂದು ಕಡೆ ಕವಾಯತು, ಇರುಳೆಲ್ಲ ದೂರದ ನಡಿಗೆ, ಇನ್ನೊಂದು ಕಡೆ ಲೀಗ್ ಪಂದ್ಯ. ಸೆಲ್ಟಿಕ್ ತಂಡವು ಹಿಂದಿನ ವರ್ಷವೂ ಪ್ರಥಮಸ್ಥಾನ ಪಡೆದಿದ್ದ ಪ್ರಬಲ ತಂಡ. ಆದಕಾರಣ ಹಾರ್ಟ್ಸ್ ಹಿಂದೆ ಬಿದ್ದುದಕ್ಕೆ ದಣಿವೊಂದೇ ಕಾರಣವೆನ್ನಲಾಗದು. ಆದರೂ ನಾಲ್ಕೇ ಅಂಕಗಳ ಆ ಅಂತರವನ್ನು ಎಣಿಸುವಾಗ ಈ ದಣಿವನ್ನು ಮರೆಯುವುದು ನ್ಯಾಯವಲ್ಲ.

ಋತುವಿನಲ್ಲಿ ಗೋಲುಗಳಿಗೆ ಹೆಸರಾದ ಟಾಮ್ ಗ್ರೇಸಿ 1915ರ ಅಕ್ಟೋಬರಿನಲ್ಲಿ ರಕ್ತದ ಅರ್ಬುದರೋಗದಿಂದ ತೀರಿಕೊಂಡನು. 1916ರ ಜುಲೈ 1ರಂದು, ಫ್ರಾನ್ಸಿನ ಸೋಮ್ ಕದನದ ಮೊದಲನೆಯ ದಿನವೇ, ಡಂಕನ್ ಕರ್ರಿ, ಅರ್ನೆಸ್ಟ್ ಎಲ್ಲಿಸ್, ಹ್ಯಾರಿ ವಾಟಿ ಎಂಬ ಮೂವರು ಮಡಿದರು. ಯುದ್ಧವು ಮುಗಿಯುವುದರೊಳಗೆ ಸಂಘವು ಒಟ್ಟು ಏಳು ಮಂದಿ ಆಟಗಾರರನ್ನು ಕಳೆದುಕೊಂಡಿತು. ಅವರ ಸ್ಮಾರಕವು 1922ರಲ್ಲಿ ಎಡಿನ್‌ಬರೋದ ಹೇಮಾರ್ಕೆಟ್ ಎಂಬಲ್ಲಿ ಸ್ಥಾಪಿತವಾಯಿತು.