ಕಾಲುವೆ ಊರಿನಲ್ಲಿ ಚನ್ನಪಟ್ಟಣದ ಅಪ್ಪ

ಊರಿಂದ ಯಾರೇ ಬರಲಿ, ಆಮ್‌ಸ್ಟರ್‌ಡ್ಯಾಂನಲ್ಲಿ ನಾನು ಮೊದಲು ಅವರನ್ನು ಬೋಟ್ ಹತ್ತಿಸ್ತೀನಿ. ಆಫೀಸ್ ಕೆಲಸದ ಮೇಲೆ ಇಲ್ಲಿಗೆ ಬಂದು ಎರಡು ವರ್ಷ ಆಯ್ತು, ಅದೊಂದು ರೂಢಿಯಾಗಿಬಿಟ್ಟಿದೆ. ಕಳೆದ ಮೇ ತಿಂಗಳಲ್ಲಿ ಅಪ್ಪ ಬಂದಾಗಲೂ ಅದೇ ಮಾಡಿದೆ. ಅಪ್ಪ ಹೆಡ್‌ಫೋನ್ ತೆಗೆದು ಪಕ್ಕಕ್ಕಿಟ್ಟು, "ನೀನೇ ಹೇಳವ್ವ" ಅಂದ್ರು.

ಹೇಳಿದೆ. ಹೇರನ್‌ಗ್ರಾಖ್ತ್, ಕೈಜರ್ಸ್‌ಗ್ರಾಖ್ತ್, ಪ್ರಿನ್ಸನ್‌ಗ್ರಾಖ್ತ್ ಅನ್ನೋ ಮೂರು ದೊಡ್ಡ ಕಾಲುವೆ ಊರಿನ ಸುತ್ತ ಅರ್ಧಚಂದ್ರದ ಹಾಗೆ ಬಳಸಿವೆ. ಅಗೆಯೋಕೆ ಶುರು ಮಾಡಿದ್ದು 1613ರಲ್ಲಿ. 2010ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವು. ಅಪ್ಪ ತಲೆ ಆಡಿಸಿದ್ರು. ಮನೆಗಳ ನೆತ್ತಿಯಲ್ಲಿ ಚಾಚಿಕೊಂಡಿರೋ ತೊಲೆ, ಕೊಕ್ಕೆ ತೋರಿಸಿದೆ. ಮೆಟ್ಟಿಲು ತೀರಾ ಕಿರಿದು, ಮಂಚ ಬೀರು ಎಲ್ಲ ಹಗ್ಗ ಕಟ್ಟಿ ಕಿಟಕಿಯಿಂದಲೇ ಒಳಕ್ಕೆ ಎಳ್ಕೊಳ್ತಾರೆ. ಅದಕ್ಕೂ ತಲೆ ಆಡಿಸಿದ್ರು, ಅಷ್ಟೇ.

"ಈ ಹಳೇ ಮನೆಗಳೆಲ್ಲ ಮರದ ಕಂಬದ ಮೇಲೆ ನಿಂತಿವೆ ಅಪ್ಪ" ಅಂದಾಗ ಮಾತ್ರ ನನ್ನ ಕಡೆ ತಿರುಗಿದ್ರು.

"ನೀರಲ್ಲಿ ಮರ ಕೊಳೆಯಲ್ವಾ?"

ನಲವತ್ತು ವರ್ಷ ಚನ್ನಪಟ್ಟಣದಲ್ಲಿ ಗೊಂಬೆ ಕಡೆದವರ ಪ್ರಶ್ನೆ ಅದು. ಇಲ್ಲಿ ನೆಲ ಅಂದ್ರೆ ಮೆತ್ತನೆ ಕೆಸರು. ಕೆಳಗಿರೋ ಮರಳಿನ ಪದರ ಸಿಗೋವರೆಗೂ ಮರದ ದಿಮ್ಮಿ ಬಡಿದು, ಅದರ ಮೇಲೆ ಮನೆ ಕಟ್ಟಿದರು. ದಿಮ್ಮಿ ಪೂರ್ತಿ ನೀರಲ್ಲಿ ಮುಳುಗಿದ್ರೆ ಗಾಳಿ ಸಿಗಲ್ಲ, ಶಿಲೀಂಧ್ರ ಬೆಳೆಯಲ್ಲ, ನೂರಾರು ವರ್ಷ ಬಾಳುತ್ತೆ. ನೀರಿನ ಮಟ್ಟ ಇಳಿದು ತಲೆ ಹೊರಗೆ ಬಂತೋ, ಕೊಳೆಯೋಕೆ ಶುರು. ಡ್ಯಾಮ್ ಚೌಕದ ಅರಮನೆಯ ಕೆಳಗೆ 13,659 ದಿಮ್ಮಿಗಳಿವೆಯಂತೆ. ಇಲ್ಲಿನ ಮಕ್ಕಳು ನೆನಪಿಟ್ಟುಕೊಳ್ಳೋದು ಹೀಗೆ: ವರ್ಷದ 365 ದಿನ, ಮುಂದೊಂದು 1, ಹಿಂದೊಂದು 9. ಅಪ್ಪನಿಗೆ ಇದು ಎಷ್ಟು ಹಿಡಿಸಿತು ಅಂದ್ರೆ, ಬೋಟ್ ಇಳಿಯೋವರೆಗೂ ಬೆರಳು ಮಡಚಿಕೊಂಡು ಹೇಳ್ಕೊಳ್ತಾನೇ ಇದ್ರು.

ಒಂದು ವಿಷಯ ಹೇಳಬೇಕು. ಅಪ್ಪನಿಗೆ ಕೆಮ್ಮು. ಮರದ ಧೂಳು ಸಾಕು ಅಂತ ಹಟ ಹಿಡಿದು ಕೆಲಸ ಬಿಡಿಸಿದವಳು ನಾನೇ. ಲೇತ್ ಮಾರೋದು ಅಂತಾನೂ ಆಗಿತ್ತು. ಹತ್ತು ಸಾವಿರ ಅಡ್ವಾನ್ಸ್ ನನ್ನ ಅಕೌಂಟಿಗೇ ಬಂದಿತ್ತು. ಅಪ್ಪ ಬೇಡ ಅಂದಿರಲಿಲ್ಲ. ಹ್ಞೂಂ ಅಂತಾನೂ ಅಂದಿರಲಿಲ್ಲ.

ಮಾರನೇ ದಿನ ಜಾನ್ಸ್ ಸ್ಖಾನ್ಸ್‌ಗೆ ಹೋದ್ವಿ. ನಗರದಿಂದ ಸ್ವಲ್ಪ ದೂರದಲ್ಲಿ, ನದಿ ದಡದ ಗಾಳಿಯಂತ್ರಗಳ ಊರು. ಗಾಳಿಯಂತ್ರಗಳನ್ನ ಅಪ್ಪ ಸರಿಯಾಗಿ ನೋಡಲೇ ಇಲ್ಲ. ಮರದ ಚಪ್ಪಲಿ ಮಾಡೋ ಕೊಟ್ಟಿಗೆಗೆ ಹೊಕ್ಕವರು ಹೊರಗೆ ಬರಲಿಲ್ಲ. ಅಲ್ಲಿ ಪಾಪ್ಲರ್ ಮರವನ್ನ ಹಸಿಯಾಗಿದ್ದಾಗಲೇ ಕೊರೆದು, ಆಮೇಲೆ ಒಣಗಿಸ್ತಾರೆ. ಕೆಲಸದವನು ಆಗತಾನೇ ಕೊರೆದ ಚಪ್ಪಲಿಗೆ ಬಾಯಿಟ್ಟು ಊದಿದ, ಮರದಿಂದ ನೀರು ಚಿಮ್ಮಿತು. ಜನ ನಕ್ಕರು. ಅಪ್ಪ ನಗಲಿಲ್ಲ. "ನಮ್ದು ಉಲ್ಟಾ. ಆಲೆಮರ ಚೆನ್ನಾಗಿ ಒಣಗಬೇಕು, ಇಲ್ದಿದ್ರೆ ಬಿರುಕು ಬಿಡ್ತದೆ, ಅರಗು ಕೂರಲ್ಲ" ಅಂತ ಅವನಿಗೇ ಕನ್ನಡದಲ್ಲಿ ಹೇಳಿದ್ರು. ನಾನು ಇಂಗ್ಲಿಷ್‌ಗೆ ತಿರುಗಿಸಿದೆ. ಅವನು ಒಂದು ಚಪ್ಪಲಿ ಕೈಗೆ ಕೊಟ್ಟ. ಅಪ್ಪ ಅದರ ಒಳಗೆ ಹೆಬ್ಬೆರಳು ಆಡಿಸಿ ಆಡಿಸಿ ನೋಡಿದ್ರು. "ನಮ್ ಲೇತಲ್ಲಿ ಗುಂಡಗಿರೋದಷ್ಟೇ ಬರೋದು, ಇದು ಬರಲ್ಲ" ಅಂತ ಒಪ್ಪಿಕೊಂಡ್ರು.

ರಾತ್ರಿ ಒಂಬತ್ತಾದ್ರೂ ಬೆಳಕಿತ್ತು. ಪ್ರಿನ್ಸನ್‌ಗ್ರಾಖ್ತ್ ದಡದ ಬೆಂಚಿನ ಮೇಲೆ ಕೂತು, ಡಬ್ಬಿಯಲ್ಲಿದ್ದ ಪುಳಿಯೋಗರೆ ತಿಂತಿದ್ವಿ.

"ಅಡ್ವಾನ್ಸ್ ವಾಪಸ್ ಹಾಕ್ಬಿಡವ್ವ."

ನನಗೆ ಸಿಟ್ಟೇ ಬಂತು. ಡಾಕ್ಟರ್ ಹೇಳಿದ್ದು, ಎಕ್ಸ್‌ರೇ, ಎಲ್ಲ ನೆನಪಿಸಿದೆ. ಜೋರಾಗೇ ಮಾತಾಡಿದೆ ಅಂತ ಕಾಣುತ್ತೆ, ಸೈಕಲ್‌ನಲ್ಲಿ ಹೋಗ್ತಿದ್ದವರು ತಿರುಗಿ ನೋಡಿದ್ರು. ಅಪ್ಪ ಡಬ್ಬಿ ಮುಚ್ಚಿ, "ದಿನಕ್ಕೆ ಎರಡೇ ಗಂಟೆ. ಮಾಸ್ಕ್ ಹಾಕ್ಕೊಂತೀನಿ. ಸುಮ್ನೆ ಕೂತ್ರೆ ಆಗಲ್ಲ ಕಣವ್ವ" ಅಂದ್ರು. ಆ ದಿಮ್ಮಿ ಮಾತು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಬೆಳಗ್ಗೆ ದುಡ್ಡು ವಾಪಸ್ ಹಾಕಿದೆ. ತಗೋಬೇಕಿದ್ದವರು ನಾಲ್ಕು ಮಾತು ಬೈದರು, ನ್ಯಾಯವೇ.

ಈಗ ಭಾನುವಾರ ಫೋನ್ ಮಾಡಿದ್ರೆ ಹಿಂದೆ ಲೇತ್ ತಿರುಗೋ ಸದ್ದು. ಒಮ್ಮೊಮ್ಮೆ ಕೆಮ್ಮೂ ಕೇಳಿಸುತ್ತೆ. "ಮಾಸ್ಕ್ ಹಾಕಿದ್ಯಾ ಅಪ್ಪ?" ಅಂದ್ರೆ, ಸದ್ದಲ್ಲಿ ಏನೂ ಕೇಳಿಸ್ತಿಲ್ಲ ಅಂತಾರೆ.